ಹೊಗೆಯಿಲ್ಲ, ಸೋರಿಕೆಯಿಲ್ಲ, ಆದ್ರೂ ಎಂಜಿನ್ ಆಯಿಲ್ ಖಾಲಿ. ಟರ್ಬೊನೇ ಹೋಯ್ತಾ?

ಪ್ರಶ್ನೆ (ಹಾಸನದಿಂದ):
ಅಣ್ಣಾ ನಮಸ್ಕಾರ. ನಮ್ಮದು 2017ರ ಡೀಸೆಲ್ ಕಾರು, 1.5 ಲೀಟರ್ ಟರ್ಬೊ ಎಂಜಿನ್. 92,000 ಕಿ.ಮೀ. ಓಡಿದೆ. ವಾರಕ್ಕೊಮ್ಮೆ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗಿ ಬರುತ್ತೇನೆ. ಏಳೆಂಟು ತಿಂಗಳಿಂದ ಎಂಜಿನ್ ಆಯಿಲ್ ಕಮ್ಮಿಯಾಗುತ್ತಿದೆ. 2,500 ಕಿ.ಮೀ.ಗೆ ಹತ್ತಿರ ಹತ್ತಿರ ಒಂದು ಲೀಟರ್ ಹಾಕಬೇಕು. ನಿಲ್ಲಿಸುವ ಜಾಗದಲ್ಲಿ ರಟ್ಟು ಹಾಸಿ ನೋಡಿದೆ, ಒಂದು ಹನಿಯೂ ಬಿದ್ದಿಲ್ಲ. ಹೊಗೆಯೂ ಕಾಣುವುದಿಲ್ಲ. ಇಲ್ಲಿನ ಗ್ಯಾರೇಜಿನವರು ಇಂಟರ್‌ಕೂಲರ್ ಪೈಪ್ ಬಿಚ್ಚಿ, ಒಳಗಿದ್ದ ಆಯಿಲ್ ತೋರಿಸಿ, "ಟರ್ಬೊ ಸೀಲ್ ಹೋಗಿದೆ, ಹೊಸ ಟರ್ಬೊ ಹಾಕಬೇಕು" ಎಂದರು. ಅಷ್ಟು ದುಡ್ಡು ಸುರಿಯುವ ಮುಂಚೆ ನಿಮ್ಮನ್ನು ಒಂದು ಮಾತು ಕೇಳೋಣ ಅನ್ನಿಸಿತು.

ಉತ್ತರ (ಮೆಕ್ಯಾನಿಕ್):
ಕೇಳಿದ್ದು ಒಳ್ಳೆಯದಾಯಿತು. ಸದ್ಯಕ್ಕೆ ಟರ್ಬೊ ಬಿಚ್ಚಿಸಬೇಡಿ. ಟರ್ಬೊ ಅಂದರೆ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಚಕ್ರ, ಇಂಟರ್‌ಕೂಲರ್ ಅಂದರೆ ಆ ಗಾಳಿಯನ್ನು ತಣಿಸುವ ಭಾಗ.

ಮೊದಲು ಹೊಗೆ ವಿಷಯ. 2,500 ಕಿ.ಮೀ.ಗೆ ಒಂದು ಲೀಟರ್ ಅಂದರೆ 10 ಕಿ.ಮೀ.ಗೆ 4 ಮಿಲಿ. ಒಂದು ಟೀ ಚಮಚವೂ ತುಂಬಲ್ಲ. ಅಷ್ಟು ಆಯಿಲ್ ಉರಿದರೆ ಡ್ರೈವರ್ ಸೀಟಿನಲ್ಲಿ ಕೂತವರಿಗೆ ಏನೂ ಕಾಣಲ್ಲ. ಹಾಗಾಗಿ ಹೊಗೆ ಇಲ್ಲ ಅಂತ ಆಯಿಲ್ ಉರಿಯುತ್ತಿಲ್ಲ ಎನ್ನುವ ಹಾಗಿಲ್ಲ. ರಟ್ಟು ಕೂಡ ಪೂರ್ತಿ ಸತ್ಯ ಹೇಳಲ್ಲ. ಕೆಲವು ಸೋರಿಕೆ ಎಂಜಿನ್ ಓಡುವಾಗ, ಆಯಿಲ್‌ಗೆ ಪ್ರೆಷರ್ ಇದ್ದಾಗ ಮಾತ್ರ ಆಗುತ್ತದೆ. ಎಂಜಿನ್ ಕೆಳಗಿನ ಕವರ್ ಅದನ್ನು ಹಿಡಿದಿಟ್ಟುಕೊಂಡು ಹೈವೇಯಲ್ಲಿ ಚೆಲ್ಲುತ್ತದೆ. ಆ ಕವರ್ ಬಿಚ್ಚಿಸಿ ನೋಡಿ. ಎಂಜಿನ್ ಹೆಡ್ಡಿನ ಪಕ್ಕದ, ಬ್ರೇಕಿಗೆ ನೆರವಾಗುವ ವ್ಯಾಕ್ಯೂಮ್ ಪಂಪಿನ ಸುತ್ತ ಕೈ ಆಡಿಸಿ. ಅಲ್ಲಿ ಸೋರಿದ್ದು ಗೇರ್‌ಬಾಕ್ಸ್ ಮೇಲೆ ಇಳಿದು, ಸುಮ್ನೆ ಹಿಂದಿನ ಆಯಿಲ್ ಸೀಲಿನ ಮೇಲೆ ಅಪವಾದ ಬರುತ್ತದೆ. ಕೂಲೆಂಟ್ ಡಬ್ಬಿಯಲ್ಲಿ ಜಿಡ್ಡು ತೇಲುತ್ತಿದೆಯಾ ಅಂತಲೂ ನೋಡಿ. ಇದ್ದರೆ ಆಯಿಲ್ ಕೂಲರ್ ಮೇಲೆ ಅನುಮಾನ.

ಈಗ ಪೈಪಿನೊಳಗಿನ ಆಯಿಲ್. ತೆಳ್ಳಗೆ ಜಿಡ್ಡು ಇದ್ದರೆ ಅದು ಮಾಮೂಲು. ಎಂಜಿನ್ ಒಳಗಿನ ಆವಿ ಹೊರಬಿಡುವ ಬ್ರೀದರ್ ಪೈಪ್ ಟರ್ಬೊ ಮುಂದೆಯೇ ಬಂದು ಸೇರುತ್ತದಲ್ವಾ, ಅದರ ಆವಿಯಲ್ಲಿ ಆಯಿಲ್ ಇದ್ದೇ ಇರುತ್ತದೆ. ಪೈಪ್ ಬಗ್ಗಿಸಿದರೆ ಲೋಟಕ್ಕೆ ಸುರಿಯುವಷ್ಟಿದ್ದರೆ ಮಾತ್ರ ಚಿಂತೆ. ಆಗ ಏರ್ ಫಿಲ್ಟರ್ ಕಡೆಯ ಪೈಪ್ ಬಿಚ್ಚಿ, ಟರ್ಬೊ ಚಕ್ರದ ಮುಂಭಾಗಕ್ಕೆ ಟಾರ್ಚ್ ಹಾಕಿ. ಅಲ್ಲೇ ಒದ್ದೆ ಇದ್ದರೆ ಆಯಿಲ್ ಬ್ರೀದರ್‌ನಿಂದ ಬಂದಿದ್ದು. ಮುಂದೆ ಒಣಗಿದ್ದು ಹಿಂದೆ ಒದ್ದೆ ಇದ್ದರೆ ಮಾತ್ರ ಟರ್ಬೊದಿಂದ.

ಚಕ್ರವನ್ನು ಬೆರಳಲ್ಲಿ ಹಿಡಿದು ಅಲ್ಲಾಡಿಸಿ. ಅಕ್ಕಪಕ್ಕಕ್ಕೆ ಚೂರು ಆಡುತ್ತದೆ, ಹೆದರಬೇಡಿ. ಚಕ್ರದ ಶಾಫ್ಟ್ (ಅಚ್ಚು) ಆಯಿಲ್ ಪದರದ ಮೇಲೆ ತೇಲಿಕೊಂಡೇ ನಿಮಿಷಕ್ಕೆ ಒಂದೂವರೆ ಲಕ್ಷ ಸುತ್ತು ದಾಟುತ್ತದೆ. ಆದರೆ ಹಿಂದಕ್ಕೆ ಮುಂದಕ್ಕೆ ಆಡಬಾರದು. ರೆಕ್ಕೆ ಗೋಡೆಗೆ ಉಜ್ಜಿದ ಗುರುತೂ ಇರಬಾರದು.

ಕೊನೆಗೆ, ಎಂಜಿನ್ ಆನ್ ಇಟ್ಟು ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ಹಾಗೇ ಸಡಿಲ ಇಡಿ. ಸ್ವಲ್ಪ ಕುಣಿದರೆ ಪರವಾಗಿಲ್ಲ. ಎಗರಿ ಬಿದ್ದರೆ ಬ್ಯಾಕ್ ಕಂಪ್ರೆಷನ್, ಅಂದರೆ ಉರಿದ ಗ್ಯಾಸ್ ಪಿಸ್ಟನ್ ದಾಟಿ ಕೆಳಗೆ ಬರುತ್ತಿದೆ. ಆಗ ಪಿಸ್ಟನ್ ರಿಂಗ್ ಅಥವಾ ಬ್ರೀದರ್ ನೋಡಬೇಕು.

ಪ್ರಶ್ನೆ ಕೇಳಿದವರು, ನಾಲ್ಕು ದಿನದ ನಂತರ:
ಎಲ್ಲಾ ನೋಡಿಸಿದೆ ಅಣ್ಣಾ. ಕೆಳಗಿನ ಕವರ್ ಒಣಗಿದೆ. ಕೂಲೆಂಟ್ ಕ್ಲೀನ್ ಇದೆ. ಮುಚ್ಚಳ ಕುಣಿಯುತ್ತದೆ ಅಷ್ಟೇ. ಚಕ್ರದ ಮುಂದೆ ಒಣಗಿದೆ, ಹಿಂದಿನ ಪೈಪಿನಿಂದ ಅರ್ಧ ಟೀ ಲೋಟದಷ್ಟು ಬಂತು. ಶಾಫ್ಟ್ ಹಿಂದೆ ಮುಂದೆ ಆಡಲ್ಲ. ಇನ್ನೊಂದು ಹೇಳಲು ಮರೆತಿದ್ದೆ. ಹೋದ ವರ್ಷ ಟರ್ಬೊ ಕೆಳಗಿನ ಪೈಪಿನಲ್ಲಿ ಸೋರುತ್ತಿದೆ ಅಂತ ಬೇರೆ ಕಡೆ ರಿಪೇರಿ ಮಾಡಿಸಿದ್ದೆ.

ಉತ್ತರ:
ಆ ಪೈಪನ್ನೇ ಬಿಚ್ಚಿಸಿ. ನನ್ನ ಅನುಮಾನವೆಲ್ಲ ಅಲ್ಲೇ.

ಟರ್ಬೊಗೆ ಆಯಿಲ್ ಮೇಲಿನ ಸಣ್ಣ ಪೈಪಿನಲ್ಲಿ ಪ್ರೆಷರ್‌ನಿಂದ ಬರುತ್ತದೆ. ಕೆಳಗಿನ ದಪ್ಪ ಪೈಪಿನಲ್ಲಿ ವಾಪಸ್ ಹೋಗುವಾಗ ಪ್ರೆಷರ್ ಇರಲ್ಲ, ತಾನಾಗೇ ಇಳಿಯಬೇಕು. ಬಚ್ಚಲ ತೂತಿಗೆ ಕಸ ಕಟ್ಟಿದರೆ ನೀರು ಹೊಸಿಲು ದಾಟಿ ಬರುತ್ತದಲ್ಲ, ಹಾಗೇ ಇದು. ಟರ್ಬೊ ಸೀಲ್ ನಾವು ಅಂದುಕೊಂಡ ಹಾಗೆ ರಬ್ಬರ್ ಸೀಲ್ ಅಲ್ಲ, ಪಿಸ್ಟನ್ ರಿಂಗಿನಂಥ ಕಬ್ಬಿಣದ ಬಳೆ. ಆಯಿಲ್ ಸಲೀಸಾಗಿ ಇಳಿದು ಹೋಗುತ್ತಿದ್ದರೆ ಮಾತ್ರ ಅದು ತಡೆಯುತ್ತದೆ. ಹೊಸ ಟರ್ಬೊ ಹಾಕಿದ್ದರೂ ಅದೂ ಹೀಗೇ ಚೆಲ್ಲುತ್ತಿತ್ತು.

ಜೊತೆಗೆ ಇಂಟರ್‌ಕೂಲರ್ ಇಳಿಸಿ ಒಳಗಿನ ಆಯಿಲ್ ಖಾಲಿ ಮಾಡಿಸಿ. ಇದನ್ನು ಮುಂದಕ್ಕೆ ಹಾಕಬೇಡಿ. ಅಲ್ಲಿ ಆಯಿಲ್ ಜಾಸ್ತಿ ನಿಂತು, ಜೋರಾಗಿ ಆಕ್ಸಿಲರೇಟರ್ ಒತ್ತಿದಾಗ ಒಟ್ಟಿಗೆ ಒಳಗೆ ಹೋದರೆ ಡೀಸೆಲ್ ಎಂಜಿನ್ ಅದನ್ನೇ ಕುಡಿದು ಓಡುತ್ತದೆ. ಕೀ ತೆಗೆದರೂ ನಿಲ್ಲಲ್ಲ. ಯಾರಿಗಾದರೂ ಹಾಗಾದರೆ ಗಾಡಿ ನಿಲ್ಲಿಸಿ, ಬ್ರೇಕ್ ಪೂರ್ತಿ ತುಳಿದು, ಟಾಪ್ ಗೇರ್ ಹಾಕಿ ಕ್ಲಚ್ ಬಿಟ್ಟುಬಿಡಿ. ಎಂಜಿನ್ ಆಫ್ ಆಗುತ್ತದೆ.

ಇನ್ನೊಬ್ಬ ಸದಸ್ಯರು (ಬೆಳಗಾವಿ):
ನನ್ನದು ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇರುವ ಬಿಎಸ್6 ಡೀಸೆಲ್. ದಿನಾ ಸಿಟಿಯಲ್ಲೇ ಓಡಾಟ. ಆಯಿಲ್ ಕಮ್ಮಿಯೇ ಆಗಲ್ಲ, ಡಿಪ್ ಸ್ಟಿಕ್‌ನ (ಆಯಿಲ್ ಅಳೆಯುವ ಕಡ್ಡಿ) ಮೇಲಿನ ಗೀಟು ದಾಟಿದೆ. ಒಳ್ಳೆಯದೇ ಅಲ್ವಾ ಸರ್?

ಉತ್ತರ:
ಅಲ್ಲ ಸರ್. ಫಿಲ್ಟರಿನ ಮಸಿ ಸುಡಲು ಎಂಜಿನ್ ಹೆಚ್ಚುವರಿ ಡೀಸೆಲ್ ಬಿಡುತ್ತದೆ. ಆ ಕೆಲಸ ಅರ್ಧಕ್ಕೇ ನಿಲ್ಲುತ್ತಿದ್ದರೆ ಡೀಸೆಲ್ ಇಳಿದು ಆಯಿಲ್‌ಗೆ ಸೇರುತ್ತದೆ. ಡಿಪ್ ಸ್ಟಿಕ್ ಮೂಸಿ ನೋಡಿ, ಡೀಸೆಲ್ ವಾಸನೆ ಬಂದರೆ ತಕ್ಷಣ ಆಯಿಲ್ ಬದಲಿಸಿ. ವಾರಕ್ಕೊಮ್ಮೆ ಅರ್ಧ ಗಂಟೆ ಹೈವೇಯಲ್ಲಿ ಒಂದೇ ವೇಗದಲ್ಲಿ ಓಡಿಸಿ.

ಪ್ರಶ್ನೆ ಕೇಳಿದವರು, ಎರಡು ತಿಂಗಳ ನಂತರ:
ಅಣ್ಣಾ, ನೀವು ಹೇಳಿದ ಜಾಗವೇ! ವಾಪಸ್ ಪೈಪಿನ ಬಾಯಲ್ಲಿ ಪ್ಯಾಕಿಂಗ್ ಇರಲೇ ಇಲ್ಲ. ಬರೀ ಸಿಲಿಕಾನ್ ಪೇಸ್ಟ್ ಬಳಿದಿದ್ದರು. ಬೋಲ್ಟ್ ಬಿಗಿ ಮಾಡಿದಾಗ ಅದು ಒಳಕ್ಕೆ ಹಿಂಡಿಕೊಂಡು ಅರ್ಧ ತೂತು ಮುಚ್ಚಿತ್ತು. ಮೇಲೆ ಕರಿ ಕಟ್ಟಿ, ಉಗುರಿನಿಂದ ಕಿತ್ತರೆ ರಬ್ಬರ್ ಹಾಗೆ ಉದ್ದಕ್ಕೆ ಎದ್ದು ಬಂತು. ಪೈಪ್ ತೊಳೆದು ಹೊಸ ಪ್ಯಾಕಿಂಗ್ ಹಾಕಿಸಿದೆ, ಇಂಟರ್‌ಕೂಲರ್ ಕ್ಲೀನ್ ಆಯಿತು. 3,000 ಕಿ.ಮೀ. ಓಡಿದೆ. ಎರಡು ಗೀಟಿನ ನಡುವೆ ಕಾಲು ಭಾಗವೂ ಇಳಿದಿಲ್ಲ.

ಉತ್ತರ:
ತುಂಬಾ ಖುಷಿಯಾಯಿತು. ಪ್ರತಿ ಸಲ ಸಮತಟ್ಟಾದ ಜಾಗದಲ್ಲಿ, ಎಂಜಿನ್ ಆಫ್ ಮಾಡಿ ಹತ್ತು ನಿಮಿಷ ಬಿಟ್ಟೇ ಅಳೆಯಿರಿ. ಘಾಟಿ ಹತ್ತಿ ಬಂದು ಸಕಲೇಶಪುರದಲ್ಲಿ ಕಾಫಿಗೆ ನಿಲ್ಲಿಸಿದಾಗ ಒಂದು ನಿಮಿಷ ಎಂಜಿನ್ ಸುಮ್ನೆ ಓಡಲು ಬಿಟ್ಟು ಆಮೇಲೆ ಆಫ್ ಮಾಡಿ. ಕಾದ ಟರ್ಬೊದಲ್ಲಿ ಆಯಿಲ್ ನಿಂತು ಸುಟ್ಟರೆ ಅದೇ ಪೈಪಿನಲ್ಲಿ ಮತ್ತೆ ಕರಿ ಕಟ್ಟುತ್ತದೆ.