ಸ್ನೋ ಬಂಟಿಂಗ್ ಗಂಡುಗಳು ಹಿಮ ಕರಗುವ ಮೊದಲೇ ಆರ್ಕ್ಟಿಕ್‌ಗೆ ಬರುವುದೇಕೆ?

ಪ್ರಶ್ನೆ:
ಸ್ನೋ ಬಂಟಿಂಗ್ ಎಂಬ ಹಾಡುಹಕ್ಕಿ ಸುಮಾರು 30ರಿಂದ 40 ಗ್ರಾಂ ತೂಗುತ್ತದೆ. ಇದರ ಗಂಡುಗಳು ಏಪ್ರಿಲ್ ಆರಂಭದಲ್ಲಿ, ಉಷ್ಣಾಂಶ ಇನ್ನೂ ಮೈನಸ್ 30 ಡಿಗ್ರಿಗೆ ಇಳಿಯುವ ದಿನಗಳಲ್ಲಿ, ಹೆಣ್ಣುಗಳಿಗಿಂತ ಹಲವು ವಾರ ಮೊದಲೇ ಆರ್ಕ್ಟಿಕ್ ತಲುಪುತ್ತವೆ ಎಂದು ಓದಿದೆ. ನೆಲವೆಲ್ಲ ಹಿಮ ಹೊದ್ದಿರುವಾಗ ಇಷ್ಟೇಕೆ ಅವಸರ? ಆ ಚಳಿಯನ್ನು ಪುಟ್ಟ ಜೀವ ತಡೆದುಕೊಳ್ಳುವುದಾದರೂ ಹೇಗೆ?

ಉತ್ತರ 1:
ಅವಸರವೆಲ್ಲ ಗೂಡಿನ ಜಾಗಕ್ಕಾಗಿ. ಲ್ಯಾಪ್‌ಲ್ಯಾಂಡ್ ಲಾಂಗ್‌ಸ್ಪರ್ ಹಕ್ಕಿ ಟಂಡ್ರಾದ ಬಯಲು ನೆಲದಲ್ಲೇ ಗೂಡು ಕಟ್ಟಿದರೆ, ಸ್ನೋ ಬಂಟಿಂಗ್ ಬಂಡೆಗಳ ಬಿರುಕಿನೊಳಗೆ ಕಟ್ಟುತ್ತದೆ. ಬೇಟೆಯಾಡುವ ಪ್ರಾಣಿಗಳಿಗೆ ಎಟುಕದಷ್ಟು ಆಳವಾದ ಒಳ್ಳೆಯ ಬಿರುಕುಗಳು ಎಲ್ಲೆಡೆ ಸಿಗುವುದಿಲ್ಲವಾದ್ದರಿಂದ, ಮೊದಲು ಬಂದ ಗಂಡಿಗೆ ಅದನ್ನು ತನ್ನದಾಗಿಸಿಕೊಳ್ಳುವ ಅವಕಾಶ ಹೆಚ್ಚು. ಆದರೆ ಬಿರುಕಿನೊಳಗಿನ ಕಲ್ಲು ಬೇಸಿಗೆಯಲ್ಲೂ ತಣ್ಣಗೇ ಇರುತ್ತದೆ. ಅದಕ್ಕೇ ಹೆಣ್ಣು ಪಾಚಿ ಮತ್ತು ಹುಲ್ಲಿನಿಂದ ಗೂಡು ಕಟ್ಟಿ, ಒಳಗೆ ಗರಿ, ತುಪ್ಪಳಗಳನ್ನು ಹಾಸುತ್ತದೆ. ಮೊಟ್ಟೆಗಳನ್ನು ಬಿಟ್ಟು ಹೆಚ್ಚು ಹೊತ್ತು ಹೊರಗಿರಲಾಗದೆ ಕಾವು ಕೊಡುವ ಸುಮಾರು ಹನ್ನೆರಡು ದಿನವೂ ಗಂಡು ತಂದುಕೊಡುವ ಆಹಾರವನ್ನು ಅವಲಂಬಿಸುತ್ತದೆ. ಬೇಗ ಬರುವುದು, ಗರಿಯ ಹಾಸು, ಗಂಡಿನ ಉಪಚಾರ ಇವು ಮೂರನ್ನೂ ಬಿಡಿಬಿಡಿಯಾಗಿ ನೋಡಬಾರದೆಂಬುದು ನನ್ನ ಅಭಿಪ್ರಾಯ. ಎಲ್ಲಕ್ಕೂ ಮೂಲ ಆ ಬಿರುಕೇ.

ಉತ್ತರ 2:
ಚಳಿಯ ಬಗ್ಗೆ ಹೇಳುವುದಾದರೆ, ಗಾಳಿ ಜೋರಾದಾಗ ಈ ಹಕ್ಕಿ ಹಿಮವನ್ನೇ ಕೊರೆದು ಒಳಗೆ ಅಡಗುತ್ತದೆ, ಹಿಮದ ಮೇಲೆ ತಲೆಯೆತ್ತಿದ ಗಿಡಗಳ ಬೀಜ ತಿಂದು ದಿನ ದೂಡುತ್ತದೆ. ನನ್ನನ್ನು ಹೆಚ್ಚು ಬೆರಗಾಗಿಸಿದ್ದು ಗಂಡಿನ ಕಪ್ಪು-ಬಿಳುಪು ಉಡುಗೆ. ವರ್ಷಕ್ಕೆ ಒಮ್ಮೆ ಮಾತ್ರ, ಬೇಸಿಗೆಯ ಕೊನೆಗೆ, ಅದು ಗರಿ ಬದಲಿಸುತ್ತದೆ. ಹೊಸ ಗರಿಗಳ ತುದಿ ಕಂದು ಬಣ್ಣದ್ದು. ಚಳಿಗಾಲವಿಡೀ ಅದು ಸವೆಯುತ್ತಾ ಹೋಗುತ್ತದೆ, ವಸಂತದಲ್ಲಿ ಹಕ್ಕಿ ಮೈಯನ್ನು ಹಿಮಕ್ಕೆ ಉಜ್ಜಿ ಉಳಿದದ್ದನ್ನೂ ತೆಗೆಯುತ್ತದೆ. ಅಡಿಯಲ್ಲಿದ್ದ ಅಚ್ಚ ಬಿಳುಪೂ ಬೆನ್ನಿನ ಕಪ್ಪೂ ಆಗ ಹೊರಬೀಳುತ್ತವೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಆರ್ಕ್ಟಿಕ್ ಬೆಚ್ಚಗಾದಷ್ಟೂ ಇದರ ಬದುಕು ಸುಲಭವಾಗಬೇಕಲ್ಲವೇ?

ಉತ್ತರ 3:
ಹಾಗೆ ಅನ್ನಿಸುವುದು ಸಹಜ, ಆದರೆ ವಸ್ತುಸ್ಥಿತಿ ಬೇರೆ. ಕೆನಡಾದ ಎಲ್ಸ್‌ಮಿಯರ್ ದ್ವೀಪದ ಅಲರ್ಟ್ ಎಂಬ ಸ್ಥಳದಲ್ಲಿ ಈ ಹಕ್ಕಿಗಳ ಶಾಖ ಸಹಿಷ್ಣುತೆಯನ್ನು ಅಳೆದಾಗ, ತೇವ ಆವಿಯಾಗಿಸಿ ಮೈ ತಣಿಸಿಕೊಳ್ಳುವ ಅವುಗಳ ಸಾಮರ್ಥ್ಯ ತೀರಾ ಕಡಿಮೆಯೆಂದು ಕಂಡುಬಂತು. ಮರಿಗಳಿಗೆ ದಿನವಿಡೀ ಹುಳು ಹೊತ್ತು ತರುವ ದುಡಿಮೆಯೇ ಮೈಯೊಳಗೆ ಶಾಖ ಹುಟ್ಟಿಸುವುದರಿಂದ, ನಮಗೆ ಹಿತವೆನಿಸುವ ಹವೆಯಲ್ಲೂ ತಂದೆ-ತಾಯಿ ಹಕ್ಕಿಗಳು ಹಾರಾಟ ತಗ್ಗಿಸಬೇಕಾದೀತು. ಹೊರಗೆ ಬಿಸಿಯೇರಿದಷ್ಟೂ ಗೂಡಿಗೆ ಬರುವ ಹುಳುಗಳ ಸಂಖ್ಯೆ ಇಳಿಯಬಹುದೆಂಬುದೇ ನನ್ನ ಆತಂಕ.