ಸಣ್ಣ ಕೌಂಟಿಯ ಮಧ್ಯಾಂಕ ಕುಟುಂಬ ಆದಾಯ: ಎರಡು ಅಂದಾಜುಗಳಲ್ಲಿ ಯಾವುದನ್ನು ಬಳಸಬೇಕು?

ಪ್ರಶ್ನೆ: ಅಮೆರಿಕದ ಅಯೋವಾ ರಾಜ್ಯದಲ್ಲಿ ಸಾರ್ವಜನಿಕ ಆರೋಗ್ಯದ ಬಗ್ಗೆ ಸಂಶೋಧನೆ ಮಾಡುತ್ತಿದ್ದೇನೆ. ಸುಮಾರು ಎಂಟು ಸಾವಿರ ಜನರಿರುವ ಒಂದು ಗ್ರಾಮೀಣ ಕೌಂಟಿಯ (ರಾಜ್ಯದೊಳಗಿನ, ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ಮಧ್ಯಾಂಕ ಕುಟುಂಬ ಆದಾಯ, ಅಂದರೆ ಮನೆಗಳನ್ನು ಆದಾಯದ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ಬರುವ ಮನೆಯ ಆದಾಯ, ನನಗೆ ಬೇಕಾಗಿದೆ. ಅಮೆರಿಕದ ಜನಗಣತಿ ಸಂಸ್ಥೆಯಾದ ಸೆನ್ಸಸ್ ಬ್ಯೂರೋ ಪ್ರಕಟಿಸುವ ಎರಡು ಅಂದಾಜುಗಳು ಸಿಕ್ಕಿವೆ. ಒಂದು ಅಮೆರಿಕನ್ ಕಮ್ಯುನಿಟಿ ಸರ್ವೆ, ಅಂದರೆ ಎಸಿಎಸ್‌ನ ಐದು ವರ್ಷಗಳ ಅಂದಾಜು. ಇನ್ನೊಂದು ಸಣ್ಣ ಪ್ರದೇಶಗಳ ಆದಾಯ ಮತ್ತು ಬಡತನವನ್ನು ಅಂದಾಜಿಸುವ ಎಸ್‌ಎಐಪಿಇ ಕಾರ್ಯಕ್ರಮದ್ದು. ಎರಡರ ನಡುವೆ ಕೆಲವು ಸಾವಿರ ಡಾಲರ್ ಅಂತರವಿದೆ. ಯಾವುದು ಸರಿ?

ಉತ್ತರ: ಎರಡೂ ಸರಿಯೇ, ಆದರೆ ಅವು ಉತ್ತರಿಸುವ ಪ್ರಶ್ನೆಗಳು ಬೇರೆ ಬೇರೆ. ಎಸಿಎಸ್ ವರ್ಷಕ್ಕೆ ದೇಶದಾದ್ಯಂತ ಸುಮಾರು 35 ಲಕ್ಷ ವಿಳಾಸಗಳನ್ನು ಮಾದರಿಯಾಗಿ ಆರಿಸಿಕೊಳ್ಳುತ್ತದೆ. ಕೇಳುವುದಕ್ಕೆ ಇದು ದೊಡ್ಡ ಸಂಖ್ಯೆ, ಆದರೆ ನಿಮ್ಮ ಕೌಂಟಿಯ ಪಾಲಿಗೆ ಬರುವ ಮನೆಗಳು ಬಹಳ ಕಡಿಮೆ. ಆದ್ದರಿಂದಲೇ ಜನಸಂಖ್ಯೆ 65,000 ಮುಟ್ಟದ ಪ್ರದೇಶಗಳಿಗೆ ಒಂದು ವರ್ಷದ ಪೂರ್ಣ ಅಂದಾಜುಗಳು ಪ್ರಕಟವಾಗುವುದಿಲ್ಲ, ಮತ್ತು ಅಯೋವಾದ 99 ಕೌಂಟಿಗಳಲ್ಲಿ ಬಹುಪಾಲು ಈ ಮಿತಿಗಿಂತ ಕೆಳಗಿವೆ. ಅಂಥ ಕಡೆ ಅರವತ್ತು ತಿಂಗಳುಗಳ ಉತ್ತರಗಳನ್ನು ಒಟ್ಟುಗೂಡಿಸಿ, ಹಳೆಯ ಆದಾಯಗಳನ್ನು ಬೆಲೆ ಸೂಚ್ಯಂಕದ ಮೂಲಕ ಕೊನೆಯ ವರ್ಷದ ಡಾಲರ್‌ಗೆ ತಂದು ಮಧ್ಯಾಂಕವನ್ನು ಕಂಡುಹಿಡಿಯುತ್ತಾರೆ. ಹಾಗಾಗಿ ಅದು ಯಾವುದೇ ಒಂದು ವರ್ಷದ ಚಿತ್ರವಲ್ಲ.

ಎಸ್‌ಎಐಪಿಇ ಒಂದೇ ವರ್ಷದ ಅಂದಾಜನ್ನು ಕೊಡುತ್ತದೆ. ಇಲ್ಲಿ ಸಮೀಕ್ಷೆಯ ನೇರ ಅಂದಾಜಿನ ಜೊತೆಗೆ, ಆದಾಯ ತೆರಿಗೆ ವಿವರಗಳಂಥ ಆಡಳಿತಾತ್ಮಕ ದಾಖಲೆಗಳನ್ನು ಆಧರಿಸಿದ ರಿಗ್ರೆಷನ್ ಮಾದರಿಯೊಂದರ (ಆ ದಾಖಲೆಗಳಿಂದ ಆದಾಯವನ್ನು ಊಹಿಸುವ ಸಂಖ್ಯಾಶಾಸ್ತ್ರೀಯ ಸೂತ್ರ; ಇಲ್ಲಿ ‘ಮಾದರಿ’ ಎಂದರೆ ಸಮೀಕ್ಷೆಗೆ ಆರಿಸಿದ ಮನೆಗಳಲ್ಲ) ಊಹೆಯೂ ಸೇರುತ್ತದೆ. 1979ರಲ್ಲಿ ಫೇ ಮತ್ತು ಹೆರಿಯಟ್ ಎಂಬ ಸಂಖ್ಯಾಶಾಸ್ತ್ರಜ್ಞರು ಸಾವಿರಕ್ಕಿಂತ ಕಡಿಮೆ ಜನರಿರುವ ಊರುಗಳ ತಲಾ ಆದಾಯಕ್ಕಾಗಿ ಬಳಸಿದ ವಿಧಾನದ ಮುಂದುವರಿಕೆ ಇದು. ತತ್ತ್ವ ಸರಳವಾಗಿದೆ: ಯಾವ ಅಂಕಿಯಲ್ಲಿ ಅನಿಶ್ಚಿತತೆ ಕಡಿಮೆಯೋ ಅದಕ್ಕೆ ಹೆಚ್ಚು ತೂಕ.

ಒಂದು ಕಲ್ಪಿತ ಉದಾಹರಣೆಯಿಂದ ವಿವರಿಸುತ್ತೇನೆ. ಸಮೀಕ್ಷೆ 52,000 ಡಾಲರ್ ಎನ್ನುತ್ತದೆ, ಅದರ ದೋಷಮಿತಿ, ಅಂದರೆ ಅಂದಾಜು ಎರಡೂ ಕಡೆಗೆ ತಪ್ಪಬಹುದಾದ ವ್ಯಾಪ್ತಿ, 9,870 ಎಂದುಕೊಳ್ಳಿ. ಸೆನ್ಸಸ್ ಬ್ಯೂರೋ ದೋಷಮಿತಿಯನ್ನು ಶೇಕಡಾ 90ರ ವಿಶ್ವಾಸ ಮಟ್ಟದಲ್ಲಿ ಕೊಡುವುದರಿಂದ 1.645ರಿಂದ ಭಾಗಿಸಿದರೆ ಪ್ರಮಾಣಿತ ದೋಷ (ಅನಿಶ್ಚಿತತೆಯ ಮೂಲ ಅಳತೆ) 6,000 ಆಗುತ್ತದೆ. ಮಾದರಿಯ ಊಹೆ 58,000, ಅದರ ದೋಷ 3,000 ಇರಲಿ. ದೋಷ ಅರ್ಧವಾದಾಗ ತೂಕ ನಾಲ್ಕು ಪಟ್ಟಾಗುವುದರಿಂದ ಸಮೀಕ್ಷೆಗೆ ಐದನೆಯ ಒಂದು ಪಾಲು, ಮಾದರಿಗೆ ಐದನೆಯ ನಾಲ್ಕು ಪಾಲು ಸಲ್ಲುತ್ತದೆ, ಉತ್ತರ 56,800. ಈ ಉತ್ತರದ ದೋಷ ಸುಮಾರು 2,700, ಅಂದರೆ ಎರಡು ಮೂಲಗಳಿಗಿಂತಲೂ ಕಡಿಮೆ. ವಾಸ್ತವದಲ್ಲಿ ಲೆಕ್ಕವನ್ನು ಆದಾಯದ ಲಾಗರಿದಮ್ ಮೇಲೆ ಮಾಡುತ್ತಾರೆ, ಆದರೆ ತರ್ಕ ಇದೇ. ಲಾಸ್ ಏಂಜಲೀಸ್‌ನಂಥ ಕೋಟಿ ಜನರ ಕೌಂಟಿಯಲ್ಲಿ ಸಮೀಕ್ಷೆಯೇ ಬಲವಾಗಿರುವುದರಿಂದ ಮಾದರಿ ಏನನ್ನೂ ಹೆಚ್ಚು ಬದಲಿಸುವುದಿಲ್ಲ.

ನಿಮ್ಮ ಅಧ್ಯಯನ ನಿರ್ದಿಷ್ಟ ವರ್ಷದ್ದಾದರೆ ಎಸ್‌ಎಐಪಿಇ ಬಳಸಿ. ವಯಸ್ಸು, ಜನಾಂಗ, ಮನೆಯ ವಿಧ ಮುಂತಾದ ವಿವರಗಳೂ ಬೇಕಿದ್ದರೆ ಐದು ವರ್ಷಗಳ ಎಸಿಎಸ್ ಅನಿವಾರ್ಯ. ಯಾವುದನ್ನು ಬಳಸಿದರೂ ಅನಿಶ್ಚಿತತೆಯ ಅಂಕಿಯನ್ನು ದಯವಿಟ್ಟು ಕೋಷ್ಟಕದಿಂದ ಅಳಿಸಬೇಡಿ. ಸಣ್ಣ ಕೌಂಟಿಗಳ ಶ್ರೇಯಾಂಕ ಪಟ್ಟಿಗಳು ದಾರಿ ತಪ್ಪುವುದು ಅಲ್ಲಿಯೇ.

ಮರುಪ್ರಶ್ನೆ: ಅಕ್ಕಪಕ್ಕದ ಮೂರು ಕೌಂಟಿಗಳನ್ನು ಸೇರಿಸಿದರೆ ಅವುಗಳ ಮಧ್ಯಾಂಕಗಳ ಸರಾಸರಿ ತೆಗೆಯಬಹುದೇ?

ಉತ್ತರ: ತೆಗೆಯಬಾರದು, ಮನೆಗಳ ಸಂಖ್ಯೆಯಿಂದ ತೂಕ ಕೊಟ್ಟರೂ ಬಾರದು. ಮಧ್ಯಾಂಕವು ಸಾಲಿನ ನಡುವೆ ನಿಂತ ಮನೆಯ ಆದಾಯ. ಸಾಲುಗಳು ಬೆರೆತಾಗ ನಡುವೆ ನಿಲ್ಲುವ ಮನೆಯೇ ಬೇರೆಯಾಗುತ್ತದೆ. ಎಸಿಎಸ್ ಕೊಡುವ ಆದಾಯ ವರ್ಗಗಳ ಕೋಷ್ಟಕದಿಂದ ಮೂರೂ ಕೌಂಟಿಗಳ ಮನೆಗಳನ್ನು ವರ್ಗವಾರು ಕೂಡಿಸಿ, ಅರ್ಧದಷ್ಟು ಮನೆಗಳು ಮುಗಿಯುವ ವರ್ಗದೊಳಗೆ ಅಂತರ್ಗಣನೆ ಮಾಡಿ, ಅಂದರೆ ಆ ನಡುವಿನ ಮನೆ ವರ್ಗದ ಎರಡು ಅಂಚುಗಳ ನಡುವೆ ಎಲ್ಲಿ ಬೀಳುತ್ತದೆ ಎಂದು ಅನುಪಾತದಿಂದ ಲೆಕ್ಕಹಾಕಿ. ಕಾಲೇಜು ಪಟ್ಟಣವಿರುವ ಕೌಂಟಿ ಸೇರಿದ್ದರೆ ಇನ್ನೊಂದು ಎಚ್ಚರಿಕೆ: ಹಾಸ್ಟೆಲ್ ವಾಸಿಗಳು ಲೆಕ್ಕಕ್ಕೆ ಬರುವುದಿಲ್ಲ, ಆದರೆ ಹೊರಗೆ ವಿದ್ಯಾರ್ಥಿಗಳು ಬಾಡಿಗೆಗಿರುವ ಮನೆಗಳು ಎಣಿಕೆಗೆ ಸೇರಿ ಮಧ್ಯಾಂಕವನ್ನು ಕೆಳಗೆಳೆಯುತ್ತವೆ.

ಇನ್ನೊಬ್ಬ ಸದಸ್ಯರ ಪ್ರಶ್ನೆ: ನಮ್ಮ ತಾಲ್ಲೂಕುಗಳಿಗೂ ಹೀಗೆ ಮಾಡಬಹುದೇ?

ಉತ್ತರ: ವಿಧಾನ ಹೊಂದುತ್ತದೆ, ದತ್ತಾಂಶ ಹೊಂದುವುದು ಕಷ್ಟ. ಕರ್ನಾಟಕದ ಆರ್ಥಿಕ ಸಮೀಕ್ಷೆಯ ಜಿಲ್ಲಾವಾರು ತಲಾ ಆದಾಯವು ಜಿಲ್ಲೆಯ ಉತ್ಪನ್ನವನ್ನು ಜನಸಂಖ್ಯೆಯಿಂದ ಭಾಗಿಸಿದ ಸರಾಸರಿಯೇ ಹೊರತು ಮಧ್ಯಾಂಕವಲ್ಲ. ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಸಿದ್ಧ ಕುಟುಂಬ ಸಮೀಕ್ಷೆ ಅಳೆಯುವುದು ಬಳಕೆಯ ವೆಚ್ಚವನ್ನು. ಕೃಷಿ ಆದಾಯಕ್ಕೆ ಆದಾಯ ತೆರಿಗೆಯ ವಿನಾಯಿತಿ ಇರುವುದರಿಂದ, ಅಮೆರಿಕದಲ್ಲಿ ಮಾದರಿಗೆ ಬೆನ್ನೆಲುಬಾಗಿರುವ ತೆರಿಗೆ ದಾಖಲೆ ನಮ್ಮ ಹಳ್ಳಿಗಳ ಬಗ್ಗೆ ಹೆಚ್ಚೇನೂ ಹೇಳುವುದಿಲ್ಲ. ನಾನಾದರೆ ಬಳಕೆಯ ವೆಚ್ಚದ ಮಧ್ಯಾಂಕವನ್ನೇ ಗುರಿಯಾಗಿಟ್ಟುಕೊಂಡು, ತೆರಿಗೆ ದಾಖಲೆಯ ಜಾಗದಲ್ಲಿ ಮನೆಬಳಕೆಯ ವಿದ್ಯುತ್ ಮತ್ತು ಪಡಿತರ ಚೀಟಿಗಳ ದಾಖಲೆ ಎಷ್ಟು ನೆರವಾಗುತ್ತದೆ ಎಂಬುದನ್ನು ಮೊದಲು ಒಂದು ಜಿಲ್ಲೆಯಲ್ಲಿ ಪರೀಕ್ಷಿಸುತ್ತೇನೆ.