ನೀರು ಕುಡಿದ ಮುಂದಿನ ಆಕ್ಸಲ್: ಹಳೆಯ ಎಂಎಂ 540 ಜೀಪನ್ನು ಮನೆಯಲ್ಲೇ ಬಿಚ್ಚಿ ಸರಿಪಡಿಸಬಹುದೇ?

ಪ್ರಶ್ನೆ: ಸೊಪ್ಪಿನಬೆಟ್ಟ, ಶಿರಸಿ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ತಂದೆಯವರ ಕಾಲದ ಮಹೀಂದ್ರ ಎಂಎಂ 540 ಜೀಪಿದೆ. 2112 ಸಿಸಿಯ ಪ್ಯೂಜೊ ಡೀಸೆಲ್ ಎಂಜಿನ್, ನಾಲ್ಕೂ ಗಾಲಿಗಳಿಗೆ ಡ್ರಮ್ ಬ್ರೇಕು, ಹಿಂದೆ ಮುಂದೆ ಪಾಟಾ (ಉಕ್ಕಿನ ಪಟ್ಟಿಗಳ ಸ್ಪ್ರಿಂಗ್). ಬೆಟ್ಟದಿಂದ ಸೊಪ್ಪು, ದರಕು (ಒಣ ಎಲೆ) ತರುವುದಕ್ಕೂ, ಕೊನೆಕೊಯ್ಲಿನ ಹೊತ್ತಿಗೆ ಅಡಿಕೆ ಸಾಗಿಸುವುದಕ್ಕೂ ನಮಗೆ ಇದೇ ಆಧಾರ. ತೋಟದ ದಾರಿಗೆ ಹಳ್ಳ ಅಡ್ಡ ಇರುವುದರಿಂದ ಮಳೆಗಾಲವಿಡೀ ಗಾಲಿಯ ಗುಂಬ (ನಡುವಿನ ಹಬ್) ಮುಳುಗುವಷ್ಟು ನೀರಿನಲ್ಲಿ ಜೀಪನ್ನು ಹಾಯಿಸಬೇಕಾಗುತ್ತದೆ.

ಈ ಸಲ ಮಳೆ ಬಿಟ್ಟ ಮೇಲೆ ಮೂರು ತೊಂದರೆಗಳು ಒಟ್ಟಿಗೇ ಕಾಣಿಸಿಕೊಂಡಿವೆ. ಗಂಟೆಗೆ 40 ಕಿಲೋಮೀಟರ್ ದಾಟಿ ಒಂದು ಚಿಕ್ಕ ಹೊಂಡಕ್ಕೆ ಗಾಲಿ ಬಿದ್ದರೂ ಸ್ಟೀರಿಂಗ್ ಜೋರಾಗಿ ನಡುಗುತ್ತದೆ, ವೇಗ ತೀರ ಕಡಿಮೆ ಮಾಡುವವರೆಗೆ ನಿಲ್ಲುವುದಿಲ್ಲ; ಹೀಗಾಗಿ ದೇವಿಮನೆ ಘಟ್ಟ ಇಳಿದು ಕುಮಟೆಗೆ ಹೋಗುವುದನ್ನು ಬಿಟ್ಟಿದ್ದೇವೆ. ಎಡಬದಿಯ ಮುಂದಿನ ಗಾಲಿಯ ಒಳಮಗ್ಗುಲಿಗಿರುವ ಉಕ್ಕಿನ ಗೋಳದಿಂದ ತೆಳ್ಳಗಿನ ಎಣ್ಣೆ ಸೋರುತ್ತಿದೆ. ಮುಂದಿನ ಡಿಫರೆನ್ಷಿಯಲ್‌ನ (ಆಕ್ಸಲ್‌ನಲ್ಲಿರುವ ಗೇರ್ ಪೆಟ್ಟಿಗೆಯ) ಪ್ಲಗ್ ಬಿಚ್ಚಿ ನೋಡಿದರೆ ಒಳಗಿನ ಎಣ್ಣೆ ಹಾಲು ಹೆಚ್ಚಾದ ಚಹಾದ ಬಣ್ಣಕ್ಕೆ ತಿರುಗಿದೆ. ಗ್ಯಾರೇಜಿನವರು ಬಿಚ್ಚಿ ನೋಡದೆಯೇ, ಇಡೀ ಆಕ್ಸಲ್ ತೆಗೆದು ಗುಜರಿಯಿಂದ ಬೇರೆಯದನ್ನು ತಂದು ಕೂರಿಸುವುದೊಂದೇ ದಾರಿ ಎನ್ನುತ್ತಿದ್ದಾರೆ.

ಪಾನಾ ಹಿಡಿದು ಸಣ್ಣಪುಟ್ಟ ಕೆಲಸ ಮಾಡುವ ರೂಢಿ ನನಗಿದೆ. ಈ ಕೆಲಸ ಮನೆಯ ಕೊಟ್ಟಿಗೆಯಲ್ಲಿ ಆಗುವಂಥದ್ದೇ? ಆಗುವುದಾದರೆ ಎಲ್ಲಿಂದ ಪ್ರಾರಂಭಿಸಬೇಕು? ಇನ್ನೊಂದು ವಿಷಯ: ಚಾಸಿಗೆ ತುಕ್ಕು ಹಿಡಿಯದಂತೆ ಎಂಜಿನ್ನಿನಿಂದ ತೆಗೆದ ಕರಿ ಆಯಿಲ್ ಬಳಿಯುವ ಪದ್ಧತಿ ನಮ್ಮ ಕಡೆ ಇದೆ. ಅದು ಸರಿಯೇ? ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ: ಅರಬೈಲು, ಯಲ್ಲಾಪುರ

ಆಕ್ಸಲ್ ಬದಲಾಯಿಸುವ ಯೋಚನೆಯನ್ನು ಸದ್ಯಕ್ಕೆ ಬದಿಗಿಡಿ. ಗುಜರಿಯ ಆಕ್ಸಲ್ ಕೂಡ ಎಲ್ಲೋ ನೀರು ಕುಡಿದೇ ಬಂದಿರುತ್ತದೆ. ಅದಕ್ಕಿಂತ ಮುಖ್ಯವಾಗಿ, ನಿಮ್ಮ ಆಕ್ಸಲ್‌ನೊಳಗೆ ನೀರು ಯಾವ ದಾರಿಯಿಂದ ಹೋಯಿತೆಂಬುದನ್ನು ಕಂಡುಹಿಡಿಯದಿದ್ದರೆ ಹೊಸದಾಗಿ ಕೂರಿಸಿದ್ದಕ್ಕೂ ಮುಂದಿನ ಮಳೆಗಾಲದಲ್ಲಿ ಅದೇ ಗತಿ ಬರುತ್ತದೆ.

ಆಕ್ಸಲ್‌ನ ಮೇಲ್ಭಾಗದಲ್ಲಿ ಬ್ರೀದರ್ ಎಂಬ ಬೆರಳ ತುದಿಯಷ್ಟು ದೊಡ್ಡ ಉಸಿರು ಕಿಂಡಿ ಇರುತ್ತದೆ. ಘಟ್ಟದ ದಾರಿಯಲ್ಲಿ ಓಡಿ ಬಂದ ಆಕ್ಸಲ್‌ನ ಒಳಗಿನ ಗಾಳಿ ಕಾದು ಹಿಗ್ಗಿರುತ್ತದೆ, ಅದೇ ಬಿಸಿಯಲ್ಲಿ ಜೀಪನ್ನು ತಣ್ಣಗಿನ ಹಳ್ಳಕ್ಕೆ ಇಳಿಸಿದಾಗ ಆ ಗಾಳಿ ಒಮ್ಮೆಲೇ ಕುಗ್ಗುತ್ತದೆ, ಆಗ ಬ್ರೀದರ್ ಕೆಂಪು ಮಣ್ಣಿನಿಂದ ಕಟ್ಟಿಕೊಂಡಿದ್ದರೆ ಆಕ್ಸಲ್ ಹೊರಗಿನ ನೀರನ್ನು ಸೀಲುಗಳ ಅಂಚಿನಿಂದಲೇ ಒಳಕ್ಕೆ ಎಳೆದುಕೊಳ್ಳುತ್ತದೆ. ಹಾಗಾಗಿ ಮೊದಲು ಬ್ರೀದರ್ ಬಿಚ್ಚಿ, ಡೀಸೆಲ್‌ನಲ್ಲಿ ತೊಳೆದು, ಬಾಯಿಂದ ಊದಿ ಗಾಳಿ ಹಾಯುತ್ತದೆಯೇ ಎಂದು ನೋಡಿ. ಕೆಲಸ ಮುಗಿಸುವಾಗ ಆ ಜಾಗಕ್ಕೊಂದು ನಿಪ್ಪಲ್ ಹಾಕಿ, ಎಣ್ಣೆ ತಾಳುವ ರಬ್ಬರ್ ಪೈಪನ್ನು ಬಾನೆಟ್ಟಿನ ಎತ್ತರದವರೆಗೆ ಒಯ್ದು ಕಟ್ಟಿ, ಅದರ ಬಾಯಿ ಕೆಳಮುಖವಾಗಿರಲಿ. ಪೈಪು ನಡುವೆ ಎಲ್ಲೂ ಜೋತು ಬೀಳಬಾರದು. ಬಿದ್ದರೆ ಅಲ್ಲೇ ನೀರು ನಿಂತು ದಾರಿ ಮತ್ತೆ ಮುಚ್ಚಿಹೋಗುತ್ತದೆ. ಹಿಂದಿನ ಆಕ್ಸಲ್‌ಗೂ ಹೀಗೆಯೇ ಮಾಡಿ.

ಇನ್ನು ನಡುಕದ ವಿಚಾರ. ಎರಡೂ ಮುಂದಿನ ಗಾಲಿಗಳ ಗಾಳಿ ಸಮನಾಗಿದೆಯೇ, ಪಾಟಾದ ಯು ಬೋಲ್ಟುಗಳು ಬಿಗಿಯಾಗಿವೆಯೇ, ಎರಡೂ ಗಾಲಿಗಳನ್ನು ಒಟ್ಟಿಗೆ ತಿರುಗಿಸುವ ಟೈರಾಡ್ ಸರಳಿನ ತುದಿಗಳು ಸವೆದಿವೆಯೇ ಎಂಬುದನ್ನು ನೋಡಲು ಹೆಚ್ಚು ಹೊತ್ತು ಬೇಡ. ಆಮೇಲೆ ಗಾಲಿಯನ್ನು ಜಾಕಿಯಿಂದ ಎತ್ತಿ, ಮೇಲಕ್ಕೊಂದು ಕೆಳಗೊಂದು ಕೈ ಕೊಟ್ಟು ಅಲುಗಾಡಿಸಿ. ಅಲುಗಾಟ ಇದ್ದರೆ, ಇನ್ನೊಬ್ಬರನ್ನು ಒಳಗೆ ಕೂರಿಸಿ ಬ್ರೇಕ್ ಪೆಡಲನ್ನು ಗಟ್ಟಿಯಾಗಿ ಒತ್ತಿಸಿ ಮತ್ತೊಮ್ಮೆ ಅಲುಗಾಡಿಸಿ. ಬ್ರೇಕ್ ಹಿಡಿದಾಗ ಅಲುಗಾಟ ನಿಂತರೆ ಗಾಲಿಯ ಬೇರಿಂಗ್ ಸಡಿಲವಾಗಿದೆ ಎಂದರ್ಥ, ಏಕೆಂದರೆ ಆಗ ಡ್ರಮ್ಮು ಮತ್ತು ಅದರ ಹಿಂದಿನ ತಟ್ಟೆ ಒಂದೇ ಆಗಿ ನಿಲ್ಲುತ್ತವೆ. ಬ್ರೇಕ್ ಹಿಡಿದ ಮೇಲೂ ಅಲುಗಾಟ ಉಳಿದರೆ ದೋಷ ಕಿಂಗ್‌ಪಿನ್ (ಸ್ಟೀರಿಂಗ್ ತಿರುಗಿಸಿದಾಗ ಗಾಲಿ ಹೊರಳುವ ಗೂಟ) ಬೇರಿಂಗಿನದು. ನೀವು ಹೇಳಿದ ಲಕ್ಷಣಗಳನ್ನು ನೋಡಿದರೆ ನನ್ನ ಅನುಮಾನ ಕಿಂಗ್‌ಪಿನ್ ಮೇಲೆಯೇ ಇದೆ.

ಗೋಳದಿಂದ ಸೋರುವುದು ಗಟ್ಟಿ ಗ್ರೀಸ್ ಆಗಿದ್ದರೆ ಹೊರಗಿನ ಒರೆಸುವ ಸೀಲನ್ನಷ್ಟೇ ಬದಲಾಯಿಸಿದರೆ ಸಾಕಿತ್ತು. ತೆಳ್ಳಗಿನ ಎಣ್ಣೆ ಎಂದಿದ್ದೀರಿ. ಅದರ ಜೊತೆಗೆ ಡಿಫರೆನ್ಷಿಯಲ್‌ನ ಎಣ್ಣೆಯ ಮಟ್ಟವೂ ಇಳಿದಿದ್ದರೆ, ಆಕ್ಸಲ್ ನಳಿಗೆಯ ಒಳಗಿನ ಸೀಲ್ ಹೋಗಿ ಡಿಫರೆನ್ಷಿಯಲ್‌ನ ಎಣ್ಣೆಯೇ ಗೋಳಕ್ಕೆ ಹರಿದು, ಅಲ್ಲಿನ ಗ್ರೀಸನ್ನು ಕರಗಿಸಿಕೊಂಡು ಹೊರಬರುತ್ತಿದೆ. ಆಗ ಹೊರಗಿನ ಸೀಲ್ ಎಷ್ಟು ಸಲ ಬದಲಾಯಿಸಿದರೂ ಸೋರಿಕೆ ನಿಲ್ಲುವುದಿಲ್ಲ.

ಬಿಚ್ಚುವಾಗ ಗುಂಬದ ನಟ್ಟಿಗೆ ಸರಿಯಾದ ಬಾಕ್ಸ್ ಪಾನಾವನ್ನೇ ಬಳಸಿ. ಉಳಿ ಸುತ್ತಿಗೆಯಿಂದ ಹೊಡೆದು ಮೂಲೆ ಮುರಿದ ನಟ್ಟುಗಳನ್ನು ನಮ್ಮ ಕಡೆಯ ಜೀಪುಗಳಲ್ಲಿ ನೋಡಿ ನೋಡಿ ಬೇಸರವಾಗಿದೆ. ಬೇರಿಂಗ್‌ಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ ಬೆಳಕಿಗೆ ಹಿಡಿಯಿರಿ. ನೀರು ಸೇರಿ ನಿಂತ ಬೇರಿಂಗಿನ ಹೊರ ಬಳೆಯಲ್ಲಿ, ರೋಲರ್‌ಗಳು ಕೂತಿದ್ದ ಅಂತರಕ್ಕೆ ಸರಿಯಾಗಿ ಸಾಲಾಗಿ ಕಪ್ಪು ಗೆರೆಗಳು ಮೂಡಿರುತ್ತವೆ. ಅವುಗಳ ಮೇಲೆ ಉಗುರು ಆಡಿಸಿ. ಉಗುರು ತಡೆದರೆ ಆ ಬೇರಿಂಗ್ ಮುಗಿಯಿತು, ಬಳೆ ಮತ್ತು ರೋಲರ್ ಎರಡನ್ನೂ ಜೋಡಿಯಾಗಿಯೇ ಬದಲಾಯಿಸಬೇಕು. ಮರುಜೋಡಣೆಯಲ್ಲಿ, ಗಾಲಿಯನ್ನು ತಿರುಗಿಸುತ್ತಲೇ ಒಳನಟ್ಟನ್ನು ಗಾಲಿ ಹಿಡಿಯುವವರೆಗೆ ಬಿಗಿದು, ಸುಮಾರು ಆರನೇ ಒಂದು ಸುತ್ತು ಹಿಂದಕ್ಕೆ ಬಿಟ್ಟು, ಲಾಕ್ ವಾಷರ್ ಮತ್ತು ಹೊರನಟ್ಟು ಹಾಕುವುದು ಈ ಬಗೆಯ ಜೀಪುಗಳ ಹಳೆಯ ಕ್ರಮ.

ಕಿಂಗ್‌ಪಿನ್‌ಗಳ ಮುಚ್ಚಳದಡಿ ಕಾಗದದಷ್ಟು ತೆಳುವಾದ ಶಿಮ್‌ಗಳಿರುತ್ತವೆ. ಅವನ್ನು ತೆಗೆದಷ್ಟೂ ಬೇರಿಂಗ್ ಬಿಗಿಯಾಗುತ್ತದೆ. ಮೇಲಿನಿಂದ ಎಷ್ಟು ತೆಗೆಯುತ್ತೀರೋ ಕೆಳಗಿನಿಂದಲೂ ಅಷ್ಟೇ ತೆಗೆಯಿರಿ, ಇಲ್ಲದಿದ್ದರೆ ಗೋಳದ ನಡುವಿನ ಜಾಯಿಂಟ್ ತನ್ನ ಸ್ಥಾನದಿಂದ ಸರಿಯುತ್ತದೆ. ಬಿಗಿ ಸರಿಯಾಗಿದೆಯೇ ಎಂಬುದನ್ನು ಟೈರಾಡ್ ಕಳಚಿ, ಸೀಲ್ ಇಲ್ಲದೆ, ಸ್ಟೀರಿಂಗ್ ತೋಳಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆದು ಅಳೆಯಬೇಕು, ಎಷ್ಟಿರಬೇಕೆಂಬುದು ಕೈಪಿಡಿಯಲ್ಲಿದೆ. ಇಂಥ ಮುಚ್ಚಿದ ಗೋಳದ ವಿನ್ಯಾಸ ಎರಡನೇ ಮಹಾಯುದ್ಧದ ವಿಲ್ಲೀಸ್ ಜೀಪಿನಿಂದಲೇ ಬಂದದ್ದು, ಹೀಗಾಗಿ ಆ ಕಾಲದ ಕೈಪಿಡಿಗಳ ಚಿತ್ರಗಳನ್ನು ನೋಡಿದರೂ ಯಾವ ಭಾಗ ಎಲ್ಲಿ ಕೂರುತ್ತದೆ ಎಂಬುದು ಚೆನ್ನಾಗಿ ಅರ್ಥವಾಗುತ್ತದೆ.

ಉತ್ತರ: ಕಾಳಿತೀರ, ಕಾರವಾರ

ಅರಬೈಲಿನವರು ಹೇಳಿದ್ದರಲ್ಲಿ ಆಕ್ಸಲ್‌ಗೆ ಸಂಬಂಧಿಸಿದ ಬಹುಪಾಲು ಬಂದಿದೆ. ಒಂದನ್ನು ಸೇರಿಸುತ್ತೇನೆ: ಹೊಸ ಸೀಲ್ ಹಾಕುವ ಮೊದಲು ಗೋಳದ ಮೈಯನ್ನು ಅಂಗೈಯಿಂದ ಸವರಿ ನೋಡಿ. ತುಕ್ಕಿನ ಗುಳಿಗಳಿದ್ದರೆ ಹೊಸ ಸೀಲ್‌ನ ತುಟಿ ಬೇಗನೆ ಹರಿಯುತ್ತದೆ. ಸಣ್ಣ ಗುಳಿಗಳನ್ನು ನುಣ್ಣನೆಯ ಎಮರಿ ಕಾಗದದಿಂದ ಉಜ್ಜಬಹುದು. ಆಳವಾದವನ್ನು ಲೋಹ ತುಂಬುವ ಎಪಾಕ್ಸಿಯಿಂದ ಮುಚ್ಚಿ, ಗಟ್ಟಿಯಾದ ಮೇಲೆ ಗೋಳದ ಬಾಗಿಗೆ ಸರಿಯಾಗಿ ತೀಡಬೇಕು.

ಕರಿ ಆಯಿಲ್ ಬಗ್ಗೆ ನನ್ನ ಅಭಿಪ್ರಾಯ ಖಚಿತ: ಬಳಿಯಬೇಡಿ. ಅದು ಪಾಟಾದ ರಬ್ಬರ್ ಬುಷ್‌ಗಳನ್ನೂ ಬ್ರೇಕಿನ ರಬ್ಬರ್ ಹೋಸನ್ನೂ ಉಬ್ಬಿಸಿ ಮೆತ್ತಗಾಗಿಸುತ್ತದೆ, ಧೂಳು ಹಿಡಿದು ದಪ್ಪನೆಯ ಪದರ ಕಟ್ಟಿ ಅದರಡಿಯ ತುಕ್ಕನ್ನು ಕಣ್ಣಿಗೆ ಮರೆಮಾಡುತ್ತದೆ, ಹಳ್ಳ ದಾಟುವಾಗ ತೊಳೆದು ನಿಮ್ಮದೇ ತೋಟದ ನೀರಿಗೆ ಸೇರುತ್ತದೆ. ಅಡಿಕೆಯ ಬುಡಕ್ಕೆ ಹೋಗುವ ನೀರಿಗೆ ಎಂಜಿನ್ನಿನ ಕೊಳೆಯನ್ನು ನಾವೇ ಬೆರೆಸುವುದು ಯಾವ ಲೆಕ್ಕದಲ್ಲೂ ಸರಿಯಲ್ಲ.

ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಅದರ ಮೇಲೆ ಉಪ್ಪುಗಾಳಿ ಬೇರೆ. ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುವುದರಿಂದ ಮಳೆ ಇಲ್ಲದ ದಿನಗಳಲ್ಲೂ ಕಬ್ಬಿಣ ಒದ್ದೆಯಾಗಿಯೇ ಇರುತ್ತದೆ. ನೀವು ಕುಮಟೆ, ಅಂಕೋಲೆಗಳ ಕಡಲಂಚಿಗೆ ಬಂದು ಹೋದ ದಿನವೇ ಜೀಪಿನ ಅಡಿಭಾಗವನ್ನು ಸಿಹಿನೀರಿನಿಂದ ತೊಳೆಯಿರಿ. ಚಾಸಿ ಪೆಟ್ಟಿಗೆಯಂತೆ ಮುಚ್ಚಿರುವ ಕಡೆಗಳಲ್ಲಿ ನೀರು ಬಸಿಯಲು ತೂತುಗಳಿರುತ್ತವೆ. ಅವು ಮಣ್ಣಿನಿಂದ ಮುಚ್ಚಿರುವುದೇ ಹೆಚ್ಚು. ತಂತಿಯಿಂದ ಬಿಡಿಸಿ, ಪೈಪಿನ ನೀರು ಒಂದು ಕಡೆಯಿಂದ ಹೋಗಿ ಇನ್ನೊಂದು ಕಡೆಯಿಂದ ತಿಳಿಯಾಗಿ ಬರುವವರೆಗೆ ಬಿಡಿ. ಆಮೇಲೆ ಚಿಕ್ಕ ಸುತ್ತಿಗೆಯಿಂದ ಚಾಸಿಯ ಉದ್ದಕ್ಕೂ ತಟ್ಟುತ್ತಾ ಹೋಗಿ. ಗಟ್ಟಿ ಕಬ್ಬಿಣ ಠಣ್ ಎನ್ನುತ್ತದೆ, ತುಕ್ಕು ತಿಂದ ಜಾಗ ದಬ್ ಎನ್ನುತ್ತದೆ. ಪಾಟಾವನ್ನು ಚಾಸಿಗೆ ಜೋಡಿಸುವ ಶ್ಯಾಕಲ್ ಸೇರುವ ಜಾಗಗಳಲ್ಲಿ ಸ್ಕ್ರೂಡ್ರೈವರ್ ಒಳಹೊಕ್ಕರೆ ಬಣ್ಣದ ಮಾತು ಬಿಟ್ಟು ವೆಲ್ಡಿಂಗ್ ಬಲ್ಲವರನ್ನು ಕರೆಯಿರಿ. ಆ ಕೆಲಸಕ್ಕೆ ಮೊದಲು ಬ್ಯಾಟರಿ ಕಳಚಿ, ಡೀಸೆಲ್ ಟ್ಯಾಂಕನ್ನು ಇಳಿಸಿ ದೂರ ಇಡಿಸಬೇಕು. ಚಾಸಿ ನಂಬರ್ ಕೊರೆದ ಜಾಗವನ್ನು ಉಜ್ಜಿ ಅಳಿಸದಂತೆ ಎಚ್ಚರ ವಹಿಸಿ, 15 ವರ್ಷ ದಾಟಿದ ಖಾಸಗಿ ವಾಹನದ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸುವಾಗ ಆರ್‌ಟಿಒ ಕಚೇರಿಯಲ್ಲಿ ಅದನ್ನೇ ನೋಡುತ್ತಾರೆ.

ತುಕ್ಕು ಕೆರೆದ ಮೇಲೆ ಫಾಸ್ಫರಿಕ್ ಆಮ್ಲದ ತುಕ್ಕುನಿವಾರಕ, ನಂತರ ಸತುವಿನ ಪ್ರೈಮರ್, ಬಣ್ಣ, ಪೆಟ್ಟಿಗೆಯ ಒಳಭಾಗಕ್ಕೆ ಮೇಣದಂಥ ಲೇಪನ: ಈ ಕ್ರಮದಲ್ಲಿ ಮಾಡಿ. ಕಬ್ಬಿಣ ಪೂರ್ತಿ ಒಣಗಿರುವ ಜನವರಿಯಿಂದ ಮಾರ್ಚ್ ಒಳಗಿನ ಬಿಸಿಲು ಇದಕ್ಕೆ ತಕ್ಕದ್ದು. ತೇವದ ಮೇಲೆ ಲೇಪನ ಬಿದ್ದರೆ ತುಕ್ಕು ಒಳಗೊಳಗೇ ಬೆಳೆಯುತ್ತದೆ.

ಬ್ರೇಕ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ಡ್ರಮ್ ತೆರೆದಾಗ ಲೈನರ್ ಮೇಲೆ ಎಣ್ಣೆ ಬಿದ್ದಿದ್ದರೆ ತೊಳೆದು ಪ್ರಯೋಜನವಿಲ್ಲ, ಎರಡೂ ಬದಿಯವನ್ನು ಒಟ್ಟಿಗೆ ಬದಲಾಯಿಸಿ. ಹಳೆಯ ಲೈನರ್‌ಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದಾದ್ದರಿಂದ ಒಳಗಿನ ಧೂಳನ್ನು ಊದದೆ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ. ಬ್ರೇಕಿನ ಕಬ್ಬಿಣದ ಪೈಪುಗಳು ಕ್ಲಿಪ್ಪಿನ ಅಡಿಯಲ್ಲೇ ಮೊದಲು ಕೊಳೆಯುತ್ತವೆ, ಕ್ಲಿಪ್ ಬಿಚ್ಚದೆ ಅದು ಕಾಣುವುದಿಲ್ಲ.

ಉತ್ತರ: ಹಳ್ಳದಕೇರಿ, ಸಿದ್ದಾಪುರ

ಕೊಟ್ಟಿಗೆಯಲ್ಲಿ ಕೆಲಸ ಮಾಡುವಿರಾದ್ದರಿಂದ ಒಂದು ಮಾತು. ಜೀಪನ್ನು ಎತ್ತಿ ಚಿರೇಕಲ್ಲಿನ ಮೇಲೆ ನಿಲ್ಲಿಸಬೇಡಿ. ಮನೆಯ ಸುತ್ತ ಸುಲಭವಾಗಿ ಸಿಗುವುದು ಅದೇ, ನೋಡಲೂ ಗಟ್ಟಿಯಾಗಿ ಕಾಣುತ್ತದೆ. ಆದರೆ ತೂಕ ಒಂದೇ ಬಿಂದುವಿನಲ್ಲಿ ಬಿದ್ದಾಗ, ಅದರಲ್ಲೂ ಮಳೆನೀರು ಹೀರಿದ ಕಲ್ಲಾಗಿದ್ದರೆ, ಯಾವ ಸೂಚನೆಯೂ ಇಲ್ಲದೆ ಒಡೆದುಹೋಗುತ್ತದೆ. ಕಬ್ಬಿಣದ ಸ್ಟ್ಯಾಂಡ್ ತನ್ನಿ, ಅಥವಾ ಗಟ್ಟಿ ಮರದ ದಪ್ಪ ದಿಮ್ಮಿಗಳನ್ನು ಅಡ್ಡ ಉದ್ದ ಪೇರಿಸಿ. ನೆಲ ಮಣ್ಣಿನದಾದರೆ ಕೆಳಗೆ ಹಲಗೆ ಇರಲಿ. ಮುಂದಿನ ಗಾಲಿ ಬಿಚ್ಚುವಾಗ ಹಿಂದಿನ ಎರಡೂ ಗಾಲಿಗಳಿಗೆ ಎರಡೂ ಕಡೆಯಿಂದ ಅಡ್ಡೆ ಕೊಡಿ.

ಎಣ್ಣೆ ಬಸಿಯುವ ಮೊದಲು ತುಂಬುವ ಪ್ಲಗ್ ಬಿಚ್ಚಲು ಬರುತ್ತದೆಯೇ ಎಂದು ಖಚಿತಪಡಿಸಿಕೊಳ್ಳಿ. ತುಕ್ಕು ಹಿಡಿದು ಅದು ಬಾರದೆ ಹೋದರೆ, ಎಣ್ಣೆ ಬಸಿದ ಆಕ್ಸಲ್ ಇಟ್ಟುಕೊಂಡು ಕೂರಬೇಕಾಗುತ್ತದೆ.

ಸೊಪ್ಪಿನಬೆಟ್ಟ, ಶಿರಸಿ

ಮೂವರಿಗೂ ಕೃತಜ್ಞತೆಗಳು. ಬ್ರೀದರ್ ಪೂರ್ತಿ ಮಣ್ಣಿನಿಂದ ಕಟ್ಟಿತ್ತು. ಬ್ರೇಕ್ ಒತ್ತಿದ ಮೇಲೂ ಎಡಗಾಲಿಯ ಅಲುಗಾಟ ಹಾಗೆಯೇ ಉಳಿಯಿತು, ಬಲಗಾಲಿಯದು ನಿಂತಿತು. ಡಿಫರೆನ್ಷಿಯಲ್‌ನ ಎಣ್ಣೆಯ ಮಟ್ಟವೂ ಇಳಿದಿದೆ. ಬಸಿದ ಎಣ್ಣೆಯಲ್ಲಿ ಲೋಹದ ಚೂರುಗಳು ಕಾಣಲಿಲ್ಲ. ಇನ್ನೊಂದೇ ಸಂದೇಹ: ಉಳಿದ ನೀರನ್ನು ತೆಗೆಯಲು ಒಳಗೆ ಡೀಸೆಲ್ ಹಾಕಿ ಸ್ವಲ್ಪ ದೂರ ಓಡಿಸಬಹುದೇ?

ಅರಬೈಲು, ಯಲ್ಲಾಪುರ

ಓಡಿಸಬೇಡಿ. ಡೀಸೆಲ್‌ಗೆ ಗೇರ್ ಹಲ್ಲುಗಳ ನಡುವಿನ ಒತ್ತಡ ತಾಳುವ ಶಕ್ತಿಯಿಲ್ಲ. ಅಗ್ಗದ ಹೊಸ 90 ನಂಬರ್ ಗೇರ್ ಆಯಿಲ್ ತುಂಬಿ, ಎರಡೂ ಮುಂದಿನ ಗಾಲಿಗಳನ್ನು ಎತ್ತಿಟ್ಟು ಕೈಯಿಂದ ಚೆನ್ನಾಗಿ ತಿರುಗಿಸಿ, ಬಸಿಯಿರಿ. ಬಣ್ಣ ಇನ್ನೂ ಮಸುಕಾಗಿದ್ದರೆ ಮತ್ತೊಮ್ಮೆ ಹಾಗೆಯೇ ಮಾಡಿ, ಕೊನೆಗೆ ಒಳ್ಳೆಯ ಎಣ್ಣೆ ಹಾಕಿ. ಚೂರುಗಳಿಲ್ಲ ಎಂದಮೇಲೆ ನಿಮ್ಮ ಆಕ್ಸಲ್ ಉಳಿಯುತ್ತದೆ ಎಂಬ ಭರವಸೆ ನನಗಿದೆ. ಎಡಬದಿಗೆ ಕಿಂಗ್‌ಪಿನ್ ಬೇರಿಂಗ್, ಬಲಬದಿಗೆ ಗಾಲಿಯ ಬೇರಿಂಗ್, ಎರಡೂ ಬದಿಗೆ ಒಳಗಿನ ಮತ್ತು ಹೊರಗಿನ ಸೀಲುಗಳು: ಇಷ್ಟನ್ನು ತಂದಿಟ್ಟುಕೊಂಡೇ ಬಿಚ್ಚಲು ಶುರುಮಾಡಿ. ಶಿಮ್‌ಗಳನ್ನು ಮೇಲಿನವು, ಕೆಳಗಿನವು ಎಂದು ಬರೆದ ಬೇರೆ ಬೇರೆ ಲಕೋಟೆಗಳಲ್ಲಿ ಇಡಿ, ಒಂದಕ್ಕೊಂದು ಬೆರೆಯಬಾರದು.